ಒಂದು ಲೀಟರಿನ ಗೆರೆ

ನಾನು ಒಂದು ಫ್ಲಾಸ್ಕು. ಚಹಾ ತುಂಬಿಕೊಂಡು ಆಸ್ಪತ್ರೆಗೆ ಹೋಗುವ ಫ್ಲಾಸ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಫ್ಲಾಸ್ಕೆಂದರೆ ಅದೊಂದೇ ಗೊತ್ತು. ನಾನು ರಸಾಯನಶಾಸ್ತ್ರದ ಪ್ರಯೋಗಾಲಯದವನು. ಕೆಳಗೆ ದುಂಡನೆಯ ಹೊಟ್ಟೆ, ಮೇಲೆ ಗೇಣುದ್ದದ ಸಪೂರ ಕತ್ತು, ಕತ್ತಿನ ನಡುವೆ ಸುತ್ತಲೂ ಕೊರೆದ ಒಂದೇ ಒಂದು ಗೆರೆ. ಆ ಗೆರೆಯವರೆಗೆ ತುಂಬಿದರೆ ಒಂದು ಲೀಟರ್. ಬೀಕರುಗಳ ಮೈಮೇಲೆ ಹತ್ತಾರು ಗೆರೆಗಳಿರುತ್ತವೆ, ಅವುಗಳಲ್ಲಿ ಒಂದನ್ನೂ ನಂಬುವಂತಿಲ್ಲ. ಅಳತೆಯ ಜಾಡಿಗಳು ನೂರು ಗೆರೆ ಹೊತ್ತುಕೊಂಡು ನೂರು ಮಾತಾಡುತ್ತವೆ. ನನಗೆ ಗೊತ್ತಿರುವುದು ಒಂದೇ ಮಾತು, ಅದನ್ನು ನಾನು ಎಂದೂ ಬದಲಾಯಿಸಿದವನಲ್ಲ.

ನಾನು ಹುಟ್ಟಿದ್ದು ಉತ್ತರದ ಕಡೆಯ ಒಂದು ಗಾಜಿನ ಕಾರ್ಖಾನೆಯಲ್ಲಿ. ಕೆಂಪಗೆ ಕಾದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಹಿಡಿದು ಒಬ್ಬ ಊದಿದ, ನನ್ನ ಹೊಟ್ಟೆ ಬಂತು. ಇನ್ನೊಬ್ಬ ಕತ್ತು ಎಳೆದ. ಕೊನೆಗೆ ಗೆರೆ ಹಾಕುವ ಮುದುಕನ ಮುಂದೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ನನ್ನ ಜೊತೆಯವರಿಗೆಲ್ಲ ಆ ಮುದುಕ ಅಳೆದ ನೀರು ಸುರಿದ, ಕಣ್ಣು ಕಿರಿದು ಮಾಡಿ ನೋಡಿದ, ನೀರು ನಿಂತಲ್ಲಿ ಗುರುತು ಮಾಡಿ ಆಮೇಲೆ ಗೆರೆ ಕೊರೆದ. ಒಬ್ಬೊಬ್ಬರಿಗೂ ಕಾಲು ತಾಸು. ನನ್ನ ಸರದಿ ಬರುವುದಕ್ಕೂ ಚಹಾದ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಅವನು ನನ್ನನ್ನು ಪಕ್ಕದವನ ಮಗ್ಗುಲಿಗಿಟ್ಟ, ಒಮ್ಮೆ ನೋಡಿದ, ಅವನ ಗೆರೆ ಇದ್ದ ಎತ್ತರಕ್ಕೇ ನನಗೂ ಗೆರೆ ಎಳೆದು ಎದ್ದು ಹೋದ. ನೀರು ಸುರಿದು ನೋಡುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಅನುಮಾನವಿದ್ದವರನ್ನು ತಾನೇ ಪರೀಕ್ಷೆ ಮಾಡುವುದು? ಆ ಸಾಲಿನಲ್ಲಿ ಅಂಥ ಗೌರವ ಸಿಕ್ಕಿದ್ದು ನನಗೊಬ್ಬನಿಗೇ. ಆಮೇಲೆ ನನ್ನ ಹೊಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ 1000 ಎಂದೂ, ಅದರ ಕೆಳಗೆ 27 ಡಿಗ್ರಿ ಎಂದೂ ಅಚ್ಚು ಹಾಕಿದರು. ಅಷ್ಟು ಬಿಸಿಲಿನಲ್ಲಿ ನನ್ನ ಅಳತೆ ಸರಿ ಎಂದು ಅದರ ಅರ್ಥ.

ಅಲ್ಲಿಂದ ಹುಬ್ಬಳ್ಳಿಯ ಒಂದು ವಿಜ್ಞಾನ ಸಾಮಾನುಗಳ ಅಂಗಡಿಗೆ ಬಂದೆ. ಒಂದು ವರ್ಷ ಅಸ್ಥಿಪಂಜರದ ಪಕ್ಕದಲ್ಲಿ ಕೂತಿದ್ದೆ. ಅದು ಮನುಷ್ಯರದೇ ಆದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದುದರಿಂದ ಅದರ ಮೇಲೆ ನನಗೆ ಒಂದಿಷ್ಟು ಮರ್ಯಾದೆಯಿತ್ತು. ಆಮೇಲೆ ಬಾಗಲಕೋಟೆ ಕಡೆಯ ಒಂದು ಪದವಿ ಕಾಲೇಜಿನವರು ನನ್ನನ್ನು ಕೊಂಡರು. ಆ ಕಾಲೇಜಿನ ಹೆಸರು ಹೇಳುವುದಿಲ್ಲ. ಬೈದರೂ ಪ್ರಚಾರವಾಯಿತೆಂದು ಹಿಗ್ಗುವ ಜನ ಅವರು. ಆ ಊರಿನಲ್ಲಿ 27 ಡಿಗ್ರಿ ಎಂದರೆ ಚಳಿ ಎಂದು ಸ್ವೆಟರ್ ಹಾಕಿಕೊಳ್ಳುತ್ತಾರೆ.

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಆಗ ಮುಧೋಳಕರ ಸರ್. ಅವರಿಗೆ ಎಲೆಯಡಿಕೆಯ ಮೇಲೆ ಇದ್ದ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲು ರಸಾಯನಶಾಸ್ತ್ರದ ಮೇಲಿದ್ದಿದ್ದರೂ ದೇಶ ಉದ್ಧಾರವಾಗುತ್ತಿತ್ತು. ಅವರು ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತಪಾಸಣೆಯವರು ಬಂದಾಗ ತೋರಿಸುವುದಕ್ಕೆ ನಾನು, ಕೆಲಸಕ್ಕೆ ಪ್ಲಾಸ್ಟಿಕ್ಕಿನ ಬಕೀಟು. ಹಾಗೆ ಕೆಲವು ವರ್ಷ ಕಳೆದವು. ಆ ವಿಭಾಗದ ಅಟೆಂಡರ್ ಬಸಪ್ಪ ತೀರಿಕೊಂಡು, ಅವನ ಜಾಗಕ್ಕೆ ಅನುಕಂಪದ ಆಧಾರದ ಮೇಲೆ ಅವನ ಹೆಂಡತಿ ಸಾವಂತ್ರೆವ್ವ ಬಂದ ಮೇಲೆಯೇ ನನ್ನ ಬೀಗ ತೆರೆದದ್ದು.

ಸಾವಂತ್ರೆವ್ವನನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗಲಿಲ್ಲ. ಏಳನೆಯ ಇಯತ್ತೆ ಓದಿದವಳು. ಸಹಿ ಮಾಡುವುದಕ್ಕೆ ಒಂದು ನಿಮಿಷ ಬೇಕು. ಬಂದವಳೇ ಕಪಾಟು ತೆರೆದು, ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, “ಯವ್ವಾ, ಇದರ ಹೊಟ್ಟಿ ನೋಡು. ಡೊಳ್ಳ್ಯಾ,” ಅಂದಳು. ಅಂದಿನಿಂದ ನನ್ನ ಹೆಸರು ಡೊಳ್ಳ್ಯಾ. ಕಾರ್ಖಾನೆಯ ಮುದುಕ ಪರೀಕ್ಷೆಯಿಲ್ಲದೆ ಪಾಸು ಮಾಡಿದ ನನಗೆ ಈ ಹೆಂಗಸಿನ ಬಾಯಲ್ಲಿ ಡೊಳ್ಳ್ಯಾ ಎನ್ನಿಸಿಕೊಳ್ಳುವ ಕಾಲ ಬಂತು. ತೊಳೆಯುವಾಗಲೆಲ್ಲ, “ಉಳದ ಫ್ಲಾಸ್ಕಿಗಿಂತಾ ನಿನ್ನ ಹೊಟ್ಟಿ ಯಾಕೋ ದೊಡ್ಡದೈತಿ ನೋಡು,” ಎಂದು ತಟ್ಟುತ್ತಿದ್ದಳು. ಅಳತೆಯ ಗಂಧಗಾಳಿಯಿಲ್ಲದವಳು ಎಂದುಕೊಂಡೆ.

ನನ್ನ ಕೆಲಸ ಸಿಲ್ವರ್ ನೈಟ್ರೇಟಿನ ದ್ರಾವಣ ತಯಾರಿಸುವುದು. ಅದು ಬೆಳ್ಳಿಯಿಂದ ಮಾಡಿದ ಲವಣ, ಸಕ್ಕರೆಯಂಥ ಹರಳು, ದುಬಾರಿ ಸಾಮಾನು. ಕಂದು ಬಣ್ಣದ ಬಾಟಲಿಯಲ್ಲಿ ಬೀಗದೊಳಗಿರುತ್ತದೆ. ಹದಿನೇಳು ಗ್ರಾಂ ತೂಗಿ ನನ್ನೊಳಗೆ ಹಾಕಿ, ಭಟ್ಟಿ ಇಳಿಸಿದ ನೀರು ಗೆರೆಯವರೆಗೆ ತುಂಬಿದರೆ ದ್ರಾವಣದ ಮೋಲಾರಿಟಿ, ಅಂದರೆ ಒಂದು ಲೀಟರಿನಲ್ಲಿ ಕರಗಿದ ಮೋಲುಗಳ ಎಣಿಕೆ, 0.1. ಮೋಲ್ ಎಂದರೆ ಬೆಚ್ಚಬೇಡಿ. ಡಜನ್ ಇದ್ದ ಹಾಗೆ ಅದೂ ಒಂದು ಎಣಿಕೆ, ಕಣಗಳನ್ನು ಎಣಿಸುವುದಕ್ಕೆ. ಈ ಲವಣದ ಒಂದು ಮೋಲಿಗೆ ನೂರಾ ಎಪ್ಪತ್ತು ಗ್ರಾಂ, ಆದ್ದರಿಂದ ಹದಿನೇಳು ಗ್ರಾಮಿಗೆ ಮೋಲಿನ ಹತ್ತರಲ್ಲೊಂದು ಭಾಗ. ದ್ರಾವಣದಲ್ಲಿ ಎಷ್ಟು ಮೋಲ್ ಕರಗಿದೆ ಎಂದು ತಿಳಿಯಬೇಕಾದರೆ ಮೋಲಾರಿಟಿಯನ್ನು ಲೀಟರಿನಿಂದ ಗುಣಿಸಬೇಕು. ಇಷ್ಟೇ ಸೂತ್ರ. ಇದನ್ನು ಕಲಿಯುವುದಕ್ಕೆ ಹುಡುಗರು ಮೂರು ವರ್ಷ ತೆಗೆದುಕೊಂಡು, ಆಮೇಲೂ ಮಿಲಿಲೀಟರಿನಿಂದ ಗುಣಿಸಿ ಒಂದು ಚಮಚ ಉಪ್ಪಿಗೆ ಒಂದು ಲಾರಿ ಮೋಲ್ ಬರೆಯುತ್ತಾರೆ. ಆ ಎರಡು ಅಂಕಿಗಳಲ್ಲಿ ಲೀಟರಿನ ಅಂಕಿ ನನ್ನದು. ಅದು ಯಾವಾಗಲೂ ಒಂದು. ತಪ್ಪಾದರೆ ಅದು ಇನ್ನೊಂದು ಅಂಕಿಯಲ್ಲಿ, ಅಂದರೆ ಮನುಷ್ಯರ ಕಡೆ.

ಸಾವಂತ್ರೆವ್ವ ದ್ರಾವಣ ಮಾಡುವ ರೀತಿ ನೋಡಿದರೆ ನಗು ಬರುತ್ತಿತ್ತು. ತಕ್ಕಡಿಗೆ ಕೈಮುಗಿದು ತೂಗುತ್ತಿದ್ದಳು. ತೂಗಿದ ಕಾಗದದ ಮೇಲೆ ಒಂದು ಹರಳು ಉಳಿದರೂ ನೀರಿನಿಂದ ತೊಳೆದು ನನ್ನೊಳಗೆ ಇಳಿಸುತ್ತಿದ್ದಳು. ಆಮೇಲೆ ಮೊಣಕಾಲು ಊರಿ ಕೂತು, ಕಣ್ಣನ್ನು ನನ್ನ ಗೆರೆಯ ಸಮಕ್ಕೆ ತಂದು, ಕೊನೆಯ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಸಪೂರ ಕತ್ತಿನಲ್ಲಿ ನೀರಿನ ನಡು ಸ್ವಲ್ಪ ತಗ್ಗಿ ನಿಲ್ಲುತ್ತದೆ, ಆ ತಗ್ಗು ಗೆರೆಗೆ ತಾಗಬೇಕು. ಪ್ರೊಫೆಸರುಗಳು ನಿಂತಲ್ಲಿಂದಲೇ ಮೇಲಿನಿಂದ ನೋಡಿ “ಸಾಕು” ಅನ್ನುವವರು. ಇವಳಿಗೆ ಮಾತ್ರ ಯಾರೋ ಮೇಲಿನಿಂದ ಮಾರ್ಕು ಕೊಡುತ್ತಿದ್ದಾರೆ ಎಂಬಂಥ ಭಕ್ತಿ. ಆ ಲವಣ ಚರ್ಮಕ್ಕೆ ತಾಗಿದರೆ ಬಿಸಿಲಿಗೆ ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಅವಳು ನನ್ನನ್ನು ತುಂಬಿದ ಹದಿಮೂರು ವರ್ಷವೂ ಅವಳ ಬೆರಳ ತುದಿಗಳು ಕಪ್ಪಾಗಿಯೇ ಇದ್ದವು.

ಜಿಪುಣತನವೂ ಕಡಿಮೆಯಿರಲಿಲ್ಲ. ಊರಿನ ಬ್ಯಾಟರಿ ಅಂಗಡಿಯ ದಸ್ತಗೀರ ಭಟ್ಟಿ ಇಳಿಸಿದ ನೀರನ್ನು ಐದು ಲೀಟರಿನ ಕ್ಯಾನಿನಲ್ಲಿ ಸ್ಕೂಟರಿನ ಮೇಲೆ ತಂದುಕೊಡುತ್ತಿದ್ದ. ಒಂದು ಕ್ಯಾನಿನಿಂದ ನನ್ನನ್ನು ಐದು ಸಲ ತುಂಬಬೇಕಷ್ಟೆ. ಐದನೆಯ ಸಲ ಯಾವಾಗಲೂ ಒಂದು ಚಹಾ ಕಪ್ಪಿನಷ್ಟು ನೀರು ಕಡಿಮೆ ಬೀಳುತ್ತಿತ್ತು. ಮುಂದಿನ ಸಲ ದಸ್ತಗೀರ ಬಂದ ಕೂಡಲೇ ಇವಳು ಬಾಗಿಲಲ್ಲೇ ಹಿಡಿಯುತ್ತಿದ್ದಳು. “ಮತ್ತ ಒಂದು ಕಪ್ ನುಂಗಿದೆಲ್ಲೋ ಕಳ್ಳಾ,” ಅನ್ನುವಳು. “ಇಲ್ಲ ಬೇ ಅವ್ವಾ, ಕಂಠಮಟ ತುಂಬಿ ತಂದೀನಿ,” ಅನ್ನುವನು. ಹಾಲು ಹಾಕುವವನ ಜೊತೆ ಓಣಿಯಲ್ಲಿ ಜಗಳಾಡಿದ ಹಾಗೆ ಪ್ರತಿ ಸಲವೂ ಇದೇ ಜಗಳ. ನಾನು ಮನಸ್ಸಿನಲ್ಲೇ ದಸ್ತಗೀರನನ್ನು ಕಳ್ಳ ಎಂದೇ ತೀರ್ಮಾನಿಸಿದ್ದೆ. ಅವನ ಮೀಸೆಯೇ ಹೇಳುತ್ತಿತ್ತು.

ಇನ್ನು ವಿದ್ಯಾರ್ಥಿಗಳು. ಪ್ರತಿ ವರ್ಷ ಒಂದು ಹಿಂಡು ಬಂದು ಒಂದು ಹಿಂಡು ಹೋಗುತ್ತಿತ್ತು. ಅವರ ಪ್ರಯೋಗ ಬಲು ಸುಲಭ. ಇಪ್ಪತ್ತು ಮಿಲಿಲೀಟರ್ ಉಪ್ಪಿನ ನೀರು, ಅದರ ಮೋಲಾರಿಟಿಯೂ 0.1. ಮೇಲೆ ನಿಲ್ಲಿಸಿದ ಬ್ಯುರೆಟ್ಟೆಂಬ ಗಾಜಿನ ಕೊಳವೆಯಿಂದ ನನ್ನ ದ್ರಾವಣವನ್ನು ಅದಕ್ಕೆ ಹನಿಸುವುದು. ಸೂಚಕಕ್ಕೆಂದು ಹಾಕಿದ ಹಳದಿ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗಿದಾಗ ನಿಲ್ಲಿಸಿ ಎಷ್ಟು ಖರ್ಚಾಯಿತೆಂದು ಬರೆಯುವುದು. ಸಮಕ್ಕೆ ಸಮ, ಇಪ್ಪತ್ತೇ ಬರಬೇಕು. ಈ ಪಂಡಿತರಿಗೆ ಇಪ್ಪತ್ತೂವರೆ ಬರುತ್ತಿತ್ತು. ಒಬ್ಬರಿಗಲ್ಲ, ಎಲ್ಲರಿಗೂ. “ಸರ, ಸೊಲ್ಯೂಶನ್ ಬರೋಬ್ಬರಿ ಇಲ್ಲರಿ,” ಎಂದು ರಾಗ ಎಳೆಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಮುಧೋಳಕರ ಸರ್ ಕುರ್ಚಿಯಿಂದ ಏಳದೆ, ಎಲೆಯಡಿಕೆಯ ರಸ ಒಂದು ದವಡೆಗೆ ಒತ್ತರಿಸಿ, “ಇಪ್ಪತ್ತ ಬರಬೇಕು, ಇಪ್ಪತ್ತ ಬರೀರಿ,” ಅನ್ನುವರು. ಎಲ್ಲರೂ ಇಪ್ಪತ್ತು ಬರೆದು, ಹತ್ತಕ್ಕೆ ಹತ್ತು ಪಡೆದು, ಸಾಲಾಗಿ ಹೊರಗೆ ಹೋಗುತ್ತಿದ್ದರು. ಹದಿಮೂರು ವರ್ಷದಲ್ಲಿ ಒಬ್ಬಳೇ ಒಬ್ಬಳು, ಎರಡು ಜಡೆಯ ಒಂದು ಹುಡುಗಿ, ಇಪ್ಪತ್ತೂವರೆ ಎಂದೇ ಬರೆದು, ಅಳಿಸುವುದಿಲ್ಲ ಎಂದು ಹಟ ಹಿಡಿದಳು. ಅವಳಿಗೆ ನಾಲ್ಕು ಅಂಕ ಬಿತ್ತು. ಅದೂ ಹೆಚ್ಚಾಯಿತು ಎಂದು ನನಗೆ ಅನ್ನಿಸಿತ್ತು.

ಮುಧೋಳಕರ ಸರ್ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಡಾಕ್ಟರ್ ಕಟಗೇರಿ. ಅವರ ಹೆಸರಿನ ಹಿಂದಿನ ಡಾಕ್ಟರ್ ಬಿಟ್ಟು ಕರೆದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೆ ಮನುಷ್ಯ ಸೋಮಾರಿಯಲ್ಲ. ಬಂದ ಮೊದಲ ತಿಂಗಳಲ್ಲೇ ಕೋಟು ಹಾಕಿಕೊಂಡು, ಉಪ್ಪಿನ ನೀರನ್ನು ತಾವೇ ತೂಗಿ ಸಣ್ಣ ಫ್ಲಾಸ್ಕಿನಲ್ಲಿ ಮಾಡಿಕೊಂಡು, ತಾವೇ ಬ್ಯುರೆಟ್ಟು ಹಿಡಿದು ನನ್ನ ದ್ರಾವಣವನ್ನು ಪರೀಕ್ಷೆ ಮಾಡಿದರು. ಇಪ್ಪತ್ತೂವರೆ ಬಂತು. ಮತ್ತೆ ಮಾಡಿದರು. ಮತ್ತೆ ಇಪ್ಪತ್ತೂವರೆ. ಮೂರನೆಯ ಸಲವೂ ಅದೇ ಬಂದಾಗ ಅವರು ಕೂತು ಲೆಕ್ಕ ಮಾಡಿ ಸಾವಂತ್ರೆವ್ವನನ್ನು ಕರೆದರು.

“ಸಾವಂತ್ರೆವ್ವ, ಹದಿನೇಳು ಗ್ರಾಂ ಖರೇನ ತೂಗ್ತೀಯೇನು?”

“ಹೌದ್ರಿ ಸರ. ಹದಿನೇಳಂದ್ರ ಹದಿನೇಳ.”

“ಹಂಗಾರ ಈ ಲೀಟರಿನೊಳಗ ಹದಿನಾರು ಪಾಯಿಂಟ್ ಆರ ಯಾಕ ಸಿಗತೈತಿ? ಉಳದ ನಾಕನೂರು ಮಿಲಿಗ್ರಾಂ ಎಲ್ಲಿ ಹೋತು?”

ಅವರ ಲೆಕ್ಕದಲ್ಲಿ ಹುಳುಕಿರಲಿಲ್ಲ. ಇಪ್ಪತ್ತೂವರೆ ಖರ್ಚಾದರೆ ಮೋಲಾರಿಟಿ 0.1 ಅಲ್ಲ, 0.0976. ಅದನ್ನು ಒಂದು ಲೀಟರಿನಿಂದ ಗುಣಿಸಿದರೆ 0.0976 ಮೋಲ್. ಹಾಕಿದ್ದು 0.1 ಮೋಲ್. ನಡುವೆ 0.0024 ಮೋಲ್ ಮಾಯ. ಗ್ರಾಮಿಗೆ ತಿರುಗಿಸಿದರೆ ಪ್ರತಿ ಲೀಟರಿಗೆ ಸುಮಾರು ನಾನೂರು ಮಿಲಿಗ್ರಾಂ. ವರ್ಷಕ್ಕೆ ಇಪ್ಪತ್ತು ಲೀಟರ್, ಹದಿಮೂರು ವರ್ಷ. ನೂರು ಗ್ರಾಂ ದಾಟುತ್ತದೆ.

“ನಾ ಒಂದು ಹರಳೂ ಮುಟ್ಟಿಲ್ಲರಿ ಸರ,” ಅಂದಳು ಸಾವಂತ್ರೆವ್ವ. ಅಂದವಳು ಕಪ್ಪು ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಟಗೇರಿಯವರು ಅದನ್ನು ನೋಡಿದರು, ನಾನೂ ನೋಡಿದೆ.

ಮರುದಿನ ಅವರು ತಾವೇ ಪಕ್ಕದಲ್ಲಿ ನಿಂತು ಅವಳಿಂದ ತೂಗಿಸಿದರು. ಸರಿಯಾಗಿ ಹದಿನೇಳು ಗ್ರಾಂ. ಅಷ್ಟರಲ್ಲಿ ಅವರಿಗೆ ಫೋನು ಬಂತು, ಹೊರಗೆ ಹೋಗಿ ಐದು ನಿಮಿಷ ಮಾತಾಡಿ ಬಂದರು. ದ್ರಾವಣ ಸಿದ್ಧವಾಗಿತ್ತು. ಪರೀಕ್ಷೆ ಮಾಡಿದರೆ ಮತ್ತೆ ಇಪ್ಪತ್ತೂವರೆ. “ಒಂದು ಫೋನ್ ಮಾತಾಡೂದ್ರಾಗ ಕೈ ತೋರಿಸಿದ್ಲು ನೋಡ್ರಿ,” ಎಂದು ಪ್ರಿನ್ಸಿಪಾಲರ ಮುಂದೆ ಹೇಳಿದರಂತೆ. ಡಾಕ್ಟರೇಟ್ ಪಡೆದ ತಲೆಗೆ ತನ್ನ ಫೋನಿನ ಮೇಲೆ ಅನುಮಾನ ಬರಲಿಲ್ಲ, ತಕ್ಕಡಿಯ ಮೇಲೆ ಬರಲಿಲ್ಲ, ಏಳನೆಯ ಇಯತ್ತೆಯ ಹೆಂಗಸಿನ ಮೇಲೆ ಮಾತ್ರ ಬಂತು. ನನಗೂ ಬಂದದ್ದು ಅವಳ ಮೇಲೆಯೇ. ಅವಳು ಹರಳು ಕದಿಯುವುದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಕಾಣದ್ದು ಅವಳ ಚಾಲಾಕಿತನ ಎಂದುಕೊಂಡೆ.

ಸುದ್ದಿ ಕಚೇರಿಗೆ ಹೋಯಿತು. ಕಚೇರಿಯೆಂದರೆ ಗೊತ್ತಲ್ಲ, ಅಲ್ಲಿ ಫೈಲು ಹೋಗದಿದ್ದರೂ ಮಾತು ಹೋಗುತ್ತದೆ. ಆ ಬೇಸಿಗೆಯಲ್ಲೇ ಸಾವಂತ್ರೆವ್ವನ ಮಗಳ ಮದುವೆಯಾಗಿತ್ತು, ಹುಡುಗಿಯ ಕಾಲಿಗೆ ಬೆಳ್ಳಿಯ ಚೈನಿತ್ತು. ಸಿಲ್ವರ್ ಅಂದರೆ ಬೆಳ್ಳಿಯೇ ತಾನೇ ಎಂದು ಒಬ್ಬ ಗುಮಾಸ್ತ ಅಂದ. ಸಂಜೆಯೊಳಗೆ ಕಾಲೇಜಿನ ಹರಳು ಕರಗಿಸಿ ಮಗಳಿಗೆ ಕಾಲ್ಚೈನು ಮಾಡಿಸಿದಳು ಎಂದಾಯಿತು. ಆ ಲವಣದಿಂದ ಬೆಳ್ಳಿ ತೆಗೆಯುವುದು ಆ ಗುಮಾಸ್ತನ ಏಳು ಜನ್ಮಕ್ಕೂ ಆಗದ ಕೆಲಸ. ಆದರೆ ಮಾತಿಗೆ ಅಷ್ಟೆಲ್ಲ ಲೆಕ್ಕ ಬೇಕಾಗುವುದಿಲ್ಲ. ಅದು ಬೀಗರ ಊರಿನವರೆಗೂ ಹೋಗಿ, ಮಗಳು ಕಾಲ್ಚೈನು ಬಿಚ್ಚಿ ಟ್ರಂಕಿನಲ್ಲಿಟ್ಟಳು.

ಕಟಗೇರಿಯವರು ಒಂದು ಪತ್ರ ಬರೆದರು. ಅವಳ ಹೆಸರಿನಲ್ಲಿ, ಅವರ ಅಕ್ಷರದಲ್ಲಿ. ‘ನಾನು ಸಿಲ್ವರ್ ನೈಟ್ರೇಟನ್ನು ಹಲವು ವರ್ಷಗಳಿಂದ ಕದ್ದಿರುತ್ತೇನೆ, ತಪ್ಪು ಒಪ್ಪಿಕೊಂಡು ರಾಜೀನಾಮೆ ಕೊಡುತ್ತಿದ್ದೇನೆ’ ಎಂದು. ಶನಿವಾರ ಹನ್ನೆರಡು ಗಂಟೆಗೆ ಪ್ರಿನ್ಸಿಪಾಲರ ಮುಂದೆ ಅವಳು ಸಹಿ ಮಾಡಬೇಕು. ಮಾಡಿದರೆ ಕೆಲಸ ಹೋಗುತ್ತದೆ, ಪೊಲೀಸರು ಬರುವುದಿಲ್ಲ. ಮಾಡದಿದ್ದರೆ ಪೊಲೀಸರೂ ಬರುತ್ತಾರೆ. “ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ,” ಎಂದು ಅವರು ಪತ್ರವನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ದಿನದ ಹಾಗೆ ನನ್ನನ್ನು ತೊಳೆದಳು. ಡೊಳ್ಳ್ಯಾ ಅನ್ನಲಿಲ್ಲ. ಅವಳ ಬಾಯಿ ಕಟ್ಟಿತಲ್ಲ ಎಂದು ನನಗೆ ಸಮಾಧಾನವಾಯಿತು. ಇದನ್ನು ಈಗ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಶುಕ್ರವಾರ ಮಧ್ಯಾಹ್ನ ದಸ್ತಗೀರ ಕ್ಯಾನು ಹೊತ್ತು ಬಂದ. ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾದ. ಅವಳು ಸುಮ್ಮನೆ ಜಾಗ ತೋರಿಸಿದಳು.

“ಯಾಕ ಬೇ ಅವ್ವಾ, ಇವತ್ತ ಜಗಳ ಇಲ್ಲೇನು?”

“ನಾನ ಕಳ್ಳಿ ಆಗೀನಿ ದಸ್ತಗೀರಣ್ಣ. ನಿನಗೇನಂತ ಬೈಲಿ?”

ದಸ್ತಗೀರ ಕ್ಯಾನು ಕೆಳಗಿಟ್ಟ. ಊರಿಗೆಲ್ಲ ಗೊತ್ತಾದ ಸುದ್ದಿ ಅವನಿಗೆ ಗೊತ್ತಿರದೆ ಇರುತ್ತದೆಯೇ? “ನೀ ಕದಿಯಾಕಿ ಅಲ್ಲ ಅಂತ ನನಗ ಗೊತ್ತೈತಿ,” ಅಂದ. “ಒಂದು ಕಪ್ ನೀರಿಗೆ ಹದಿಮೂರು ವರ್ಷ ಜಗಳಾಡಿದಾಕಿ, ನೀ ಏನ ಕದೀತಿ. ಆದ್ರ ಅವ್ವಾ, ನಾನೂ ಕದ್ದಿಲ್ಲ. ಒಂದು ದಿನಾನೂ ಕಮ್ಮಿ ತಂದಿಲ್ಲ. ದೇವರಾಣಿ ಮಾಡಿ ಹೇಳಿದ್ರೂ ನೀ ನಂಬಲಿಲ್ಲ. ನಿನಗ ಈಗ ಆಗಾಕತ್ತೈತಲ್ಲ, ನನಗ ಅದು ಹದಿಮೂರು ವರ್ಷ ಆಗೇತಿ.”

ಇಷ್ಟು ಹೇಳಿ ಅವನು ಹೋದ. ಸ್ಕೂಟರಿನ ಸದ್ದು ಗೇಟು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಬಂದು ಸ್ಟೂಲಿನ ಮೇಲೆ ಕೂತಳು. ಅವಳ ಮುಖವನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು. ತನಗೆ ಕಟಗೇರಿಯವರು ಏನು ಮಾಡಿದರೋ ಅದನ್ನೇ ತಾನು ದಸ್ತಗೀರನಿಗೆ ಮಾಡಿದ್ದೆ ಎಂದು ಅವಳಿಗೆ ಹೊಳೆದಿರಬೇಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಬೆರಳು ಮಡಚಿ ತನಗೆ ತಾನೇ ಹೇಳಿಕೊಳ್ಳತೊಡಗಿದಳು. “ಅಂವ ಕದ್ದಿಲ್ಲ. ನಾ ಕದ್ದಿಲ್ಲ. ಅವನ ನೀರು ಕಮ್ಮಿ ಬೀಳತೈತಿ, ನನ್ನ ಹರಳು ಕಮ್ಮಿ ಬೀಳತೈತಿ. ಎರಡೂ ಹೋಗೂದು ಒಂದ ಕಡೆ.”

ತಲೆಯೆತ್ತಿ ನನ್ನನ್ನು ನೋಡಿದಳು.

ಆ ಕಡೆಯ ಹಳ್ಳಿಗಳಲ್ಲಿ ಕಾಳು ಅಳೆಯುವಾಗ ಒಂದು ಪದ್ಧತಿ ಇದೆಯಂತೆ. ಕೊಡುವವನ ಸೇರನ್ನು ಮೊದಲು ತೆಗೆದುಕೊಳ್ಳುವವನ ಸೇರಿನಿಂದ ಅಳೆದು ನೋಡುತ್ತಾರೆ, ಆಮೇಲೆ ಕಾಳು. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಸಾವಂತ್ರೆವ್ವ ಹದಿಮೂರು ವರ್ಷ ಕಾಲೇಜಿನ ಸಾಮಾನಿಗೆ ಆ ಪದ್ಧತಿ ಬೇಡವೆಂದುಕೊಂಡಿದ್ದಳು. ಓದಿದವರ ಗಾಜು, ಅದರ ಮೇಲೆ ಅಂಕಿ ಬರೆದಿದೆ, ಅದಕ್ಕೆ ಎದುರಾಡುವುದುಂಟೇ? ಈಗ ಎದ್ದು ಹೋಗಿ ಕಪಾಟಿನಿಂದ ಇನ್ನೂರೈವತ್ತು ಮಿಲಿಲೀಟರಿನ ಒಂದು ಸಣ್ಣ ಫ್ಲಾಸ್ಕು ತಂದಳು. ನಾನು ಎಂದೂ ಮಾತಾಡಿಸದ ಬಡ ಜಾತಿ. ಅದನ್ನು ಗೆರೆಯವರೆಗೆ ತುಂಬಿ, ಮೊಣಕಾಲೂರಿ ನೋಡಿ, ನನ್ನೊಳಗೆ ಸುರಿದಳು. ಎರಡನೆಯ ಸಲ. ಮೂರನೆಯ ಸಲ. ನಾಲ್ಕನೆಯ ಸಲದ ಕೊನೆಯ ಹನಿಯೂ ಬಿತ್ತು.

ನೀರು ನನ್ನ ಕತ್ತಿನ ಬುಡದಲ್ಲಿ ನಿಂತಿತು. ಗೆರೆ ಅಲ್ಲಿಂದ ಮೇಲೆ ಅರ್ಧ ಗೇಣು ದೂರವಿತ್ತು. ನಾನು ಕಾದೆ. ಇನ್ನೂ ಬರಬೇಕಿತ್ತು. ಅವಳು ಸಣ್ಣ ಫ್ಲಾಸ್ಕನ್ನು ಬೋರಲು ಹಾಕಿ ತೋರಿಸಿದಳು, ನನಗೇ ತೋರಿಸಿದ ಹಾಗೆ. ಒಳಗೆ ಏನೂ ಇರಲಿಲ್ಲ.

ಆಗ ನನಗೆ ಕಾರ್ಖಾನೆಯ ಮುದುಕ ನೆನಪಾದ, ಚಹಾದ ಗಂಟೆ ನೆನಪಾಯಿತು. ಬಾಯಿಂದ ಊದಿದ ಹೊಟ್ಟೆಗಳು ಎರಡು ಒಂದೇ ಸಮ ಇರುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ನೀರು ಸುರಿದು ಗೆರೆ ಹಾಕುತ್ತಿದ್ದದ್ದು. ನನಗೆ ಗೌರವದಿಂದ ಗೆರೆ ಎಳೆದಿರಲಿಲ್ಲ, ಚಹಾ ಆರಿಹೋಗುತ್ತದೆ ಎಂದು ಎಳೆದಿದ್ದ.

ಶನಿವಾರ ಹನ್ನೆರಡಕ್ಕೆ ಸಾವಂತ್ರೆವ್ವ ಸಹಿ ಮಾಡಲು ಹೋಗಲಿಲ್ಲ. ಪ್ರಿನ್ಸಿಪಾಲರನ್ನೂ ಕಟಗೇರಿಯವರನ್ನೂ ಪ್ರಯೋಗಾಲಯಕ್ಕೇ ಕರೆದಳು. “ಒಂದು ಸಲ ನೋಡ್ರಿ, ಆಮೇಲೆ ಎಲ್ಲಿ ಬೇಕಂತೀರಿ ಅಲ್ಲಿ ಸಹಿ ಮಾಡ್ತೀನಿ,” ಅಂದಳು. ಪ್ರಿನ್ಸಿಪಾಲರು ಇತಿಹಾಸದವರು, ಅವರಿಗೆ ಅಲ್ಲಿನ ವಾಸನೆಗೇ ಸೀನು ಬರುತ್ತಿತ್ತು. ಅವಳು ನಾಲ್ಕು ಸಲ ಸುರಿದಳು. ನೀರು ಕತ್ತಿನ ಬುಡದಲ್ಲಿ ನಿಂತಿತು.

“ಆ ಸಣ್ಣ ಫ್ಲಾಸ್ಕ ತಪ್ಪಿರಬೇಕು,” ಅಂದರು ಕಟಗೇರಿಯವರು. “ಬ್ಯಾರೇದು ತಾ.”

ಅವಳು ಬೇರೆಯದು ತಂದಳು. ಅದೇ ಜಾಗ. ಮೂರನೆಯದನ್ನು ಕಟಗೇರಿಯವರೇ ಆರಿಸಿ ತಂದರು. ಅದೇ ಜಾಗ. ಐನೂರರ ಫ್ಲಾಸ್ಕು ತಂದು ಎರಡು ಸಲ ಸುರಿದರು. ಅದೇ ಜಾಗ. ನಾನು ಹದಿಮೂರು ವರ್ಷ ಕಡೆಗಣ್ಣಿನಲ್ಲೂ ನೋಡದ ಗಾಜುಗಳೆಲ್ಲ ಒಂದೊಂದಾಗಿ ಬಂದು ಒಂದೇ ಮಾತು ಹೇಳಿಹೋದವು. ಕೊನೆಗೆ ಅವಳು ಅಳತೆಯ ಜಾಡಿಯಲ್ಲಿ ನೀರು ಹಿಡಿದು, ನನ್ನ ಗೆರೆ ಮುಟ್ಟುವವರೆಗೆ ತುಂಬಿದಳು. ಇಪ್ಪತ್ತೈದು ಮಿಲಿಲೀಟರ್ ಹಿಡಿಯಿತು. ನೂರು ಗೆರೆಯ ಹರಟೆಮಲ್ಲ ಎಂದು ನಾನು ಬೈದ ಆ ಜಾಡಿಯೇ ನನ್ನ ತಪ್ಪನ್ನು ಎಣಿಸಿ ಹೇಳಿತು.

“ಹಂಗಂದ್ರ ಏನ್ರಿ ಕಟಗೇರಿ?” ಅಂದರು ಪ್ರಿನ್ಸಿಪಾಲರು.

ಕಟಗೇರಿಯವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆ ತಿರುಗಿದರು. ಮೋಲಾರಿಟಿ 0.0976 ಎಂದು ಬರೆದರು. ಲೀಟರ್ ಎಂಬಲ್ಲಿ ಒಂದು ಎಂದು ಬರೆದು, ಅಳಿಸಿ, 1.025 ಎಂದು ಬರೆದರು. ಗುಣಿಸಿದರು. 0.1 ಬಂತು. ಹದಿನೇಳು ಗ್ರಾಂ, ಒಂದು ಹರಳೂ ಕಡಿಮೆಯಿಲ್ಲದೆ, ಪ್ರತಿ ಸಲವೂ ನನ್ನೊಳಗೇ ಇತ್ತು. ಕಳೆದುಹೋದದ್ದು ಏನೂ ಇರಲಿಲ್ಲ. ಅವರು ಸೂತ್ರದ ಒಂದು ಅಂಕಿಯನ್ನು ನಾಲ್ಕು ಸಲ ಪರೀಕ್ಷೆ ಮಾಡಿದ್ದರು, ಇನ್ನೊಂದನ್ನು ಒಂದು ಸಲವೂ ನೋಡಿರಲಿಲ್ಲ.

“ಗ್ಲಾಸ್‌ವೇರ್ ಎರರ್,” ಅಂದರು ಕಟಗೇರಿಯವರು, ಹಲಗೆಗೆ. ಆಮೇಲೆ ನನ್ನ ಕಡೆ ಕೈ ತೋರಿಸಿ, “ಅದನ್ನ ಒಡದು ಕಸಕ್ಕ ಹಾಕು,” ಅಂದರು.

ಸಾವಂತ್ರೆವ್ವ ಸೊಂಟದಿಂದ ಪತ್ರ ತೆಗೆದು, ನನ್ನ ಪಕ್ಕದಲ್ಲಿ ಬಿಚ್ಚಿಟ್ಟು, ಮಡಿಕೆಗಳನ್ನು ಕೈಯಿಂದ ಸವರಿದಳು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಕಾದು ಅವಳೇ ಅದನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು.

“ಅರ್ಧಾ ತಾಸು ಹೊರಗ ಹೋಗಿ ಬರ್ತೀನ್ರಿ ಸರ,” ಅಂದಳು.

“ಎಲ್ಲಿಗೆ?” ಅಂದರು ಪ್ರಿನ್ಸಿಪಾಲರು.

“ಬ್ಯಾಟರಿ ಅಂಗಡಿಗ್ರಿ. ದಸ್ತಗೀರಣ್ಣಗ ಹದಿಮೂರು ವರ್ಷ ಕಳ್ಳ ಅಂದೀನ್ರಿ. ತಪ್ಪಾತಪಾ ಅಂತ ಹೇಳಿ ಬರಬೇಕು.”

ಅವಳು ಹೋದಳು. ಕಟಗೇರಿಯವರು ಬೆರಳಿನ ಸೀಮೆಸುಣ್ಣ ಒರೆಸಿಕೊಳ್ಳುತ್ತ ನಿಂತಿದ್ದರು. ಅವರು ಅವಳಿಗೆ ಹೇಳಬೇಕಾಗಿದ್ದ ಮಾತನ್ನು ಅವಳು ಅವರ ಎದುರಿಗೇ, ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಿ ಹೋಗಿದ್ದಳು. ಹುಡುಕುವ ತೊಂದರೆಯೂ ಇರಲಿಲ್ಲ. ಅವರು ಡಸ್ಟರ್ ಹುಡುಕಿ ಹಲಗೆ ಒರೆಸಿದರು. ಆ ಮಾತು ಅವರ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ನನ್ನಲ್ಲಿ ಎಷ್ಟು ತಿರಸ್ಕಾರ ಉಳಿದಿದ್ದರೂ ಅದನ್ನು ಅವರಿಗಾಗಿ ಮುಡಿಪಾಗಿಡೋಣ ಎಂದುಕೊಂಡಿದ್ದೆ. ಆದರೆ ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದವನಿಗೆ ಪಕ್ಕದ ಎಲೆಯ ನೊಣದ ಮಾತು ಶೋಭಿಸುವುದಿಲ್ಲ. ನಾನೂ ಅವಳಿಗೆ ಆ ಮಾತು ಹೇಳಿಲ್ಲ. ನನಗೆ ಬಾಯಿಲ್ಲ ಎಂಬ ನೆವವಾದರೂ ಇದೆ.

ಅವಳು ನನ್ನನ್ನು ಒಡೆಯಲಿಲ್ಲ. “ಇದರದೇನ ತಪ್ಪೈತಿ, ಹಾಕಿದಾತ ಹಂಗ ಹಾಕ್ಯಾನ,” ಎಂದು ತೊಳೆದು, ಕತ್ತಿನ ಬುಡಕ್ಕೆ ಒಂದು ಕೆಂಪು ದಾರ ಕಟ್ಟಿ, ಕೈತೊಳೆಯುವ ತೊಟ್ಟಿಯ ಪಕ್ಕದ ಕಿಟಕಿಯಲ್ಲಿಟ್ಟಳು. ಈಗ ನನ್ನೊಳಗೆ ಸಾದಾ ನೀರು. ಪಿಪೆಟ್ಟು ತೊಳೆಯುವುದಕ್ಕೆ, ಬಿದ್ದ ಆಸಿಡ್ಡು ಒರೆಸುವುದಕ್ಕೆ. ನೀರು ದಾರದವರೆಗೆ ಇದ್ದರೆ ಲೀಟರ್ ಎಂದು ಅವಳ ಲೆಕ್ಕ. ಮೇಲಿನ ಗೆರೆಯನ್ನು ಈಗ ಯಾರೂ ನೋಡುವುದಿಲ್ಲ. ದಸ್ತಗೀರ ಈಗಲೂ ಕ್ಯಾನು ತರುತ್ತಾನೆ. ಹೊಸ ಫ್ಲಾಸ್ಕಿನಲ್ಲಿ ಐದು ಅಂದರೆ ಐದು ತುಂಬುತ್ತದೆ. ಜಗಳವಿಲ್ಲದೆ ಅವರಿಬ್ಬರಿಗೂ ಬೇಜಾರು, ಅದಕ್ಕೆ ಚಹಾ ಕುಡಿಯುತ್ತಾರೆ. ಮಗಳು ದೀಪಾವಳಿಗೆ ಬಂದಾಗ ಕಾಲ್ಚೈನು ಹಾಕಿಕೊಂಡು ಪ್ರಯೋಗಾಲಯದ ಬಾಗಿಲವರೆಗೂ ಬಂದಿದ್ದಳು. ಅದರ ಸದ್ದು ಕಚೇರಿಯ ಮುಂದಿನಿಂದಲೇ ಕೇಳಿಸಿತು.

ಹೊಸ ಹಿಂಡು ಹುಡುಗರು ಬಂದಿದ್ದಾರೆ. ಮೊನ್ನೆ ಒಬ್ಬ ನನ್ನನ್ನು ಎತ್ತಿಕೊಂಡು, “ಅವ್ವಾ, ಇದು ಒಂದು ಲೀಟರಿಂದಲ್ಲರೀ?” ಎಂದು ಕೇಳಿದ.

“ಅಲ್ಲಪಾ. ಒಂದು ಲೀಟರಿನ ಮ್ಯಾಲೆ ಒಂದೀಟು.”

“ಮತ್ತ ಇಲ್ಲಿ ಒಂದು ಲೀಟರ್ ಅಂತ ಬರದೈತಲ್ಲ?”

“ಬರದಾರು, ಏನಾತೀಗ,” ಅಂದಳು ಸಾವಂತ್ರೆವ್ವ. “ನೀ ಅಳದು ನೋಡು.”

ಎರಡು ಜಡೆಯ ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಹತ್ತಕ್ಕೆ ನಾಲ್ಕು ಅಂಕ ಬಿದ್ದದ್ದು ಅವಳಿಗೆ ನೆನಪಿರಬಹುದು. ಅವಳ ಕೈ ನಡುಗಿರಲಿಲ್ಲ, ಒಂದು ಹನಿಯೂ ಹೆಚ್ಚು ಬಿದ್ದಿರಲಿಲ್ಲ. ಅವಳು ಸರಿಯಾಗಿಯೇ ಕುಣಿದಿದ್ದಳು. ಡೊಂಕಾಗಿದ್ದ ನೆಲ ನಾನು.